ಹಿಡಿ ಕೈಗೆ ಆಗ್ಬೇಕು, ಕೈ ಹಿಡಿಗಲ್ಲ

ಅಕ್ಕದೀರಾ, ತಂಗಿದೀರಾ, ಈ ಸಲ ಆಯುಧ ಪೂಜೆಗೆ ಮುಂಚೆ ಒಂದು ಹದಿನೈದು ದಿನ ನಮ್ಮನೆ ಹಿತ್ತಿಲಿಂದ ಗರಗಸದ ಸದ್ದು, ಅರದ ಸದ್ದು ಬತ್ತಾನೇ ಇತ್ತಲ್ಲ, ಅದೇನು ಅಂತ ಸುಮಾರು ಜನ ಕೇಳಿದ್ರಿ. ನಾನು ಬಾಯಿ ತೆಗೆಯೋಕೆ ಮುಂಚೆನೇ ನೀರಿನ ಟ್ಯಾಂಕಿನ ತಾವ "ಅವ್ರ ಮನಲಿ ಬಂದೂಕ ಮಾಡ್ತ ಅವ್ರಂತ" ಅಂತ ಸುದ್ದಿ ಹಬ್ಬಿಬುಡ್ತು. ನಂಜನಗೂಡಿಂದ ನಮ್ಮ ಚಿಕ್ಕವ್ವ ಫೋನ್ ಮಾಡಿ, "ಯಾಕ ಕೂಸೇ, ಪೊಲೀಸ್ರು ಏನಾರ ಬಂದ್ರಾ?" ಅಂತ ಕೇಳಿದ್ರು. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಬಂದೂಕ ಅಲ್ಲ ಕಣ್ರವ್ವ. ಬಂದೂಕದ ಹಿಡಿ. ಒಂದು ಗೇಣಿಗೂ ಕಮ್ಮಿ ಇರೋ ಮರದ ತುಂಡು. ಬಂದೂಕ ನಮ್ಮನೆ ಹೊಸ್ತಿಲು ದಾಟಿಲ್ಲ. ಅದು ಮೈಸೂರಲ್ಲಿ ಶೂಟಿಂಗ್ ಕಲಿಸೋ ಜಾಗದಲ್ಲೇ ಬೀಗದೊಳಗೆ ಅದ. ಹಿಡಿ ಒಂದನ್ನ ಬೋಲ್ಟು ಬಿಚ್ಚಿ ನಮ್ಮ ತಮ್ಮನ ಮಗಳು ಬ್ಯಾಗಲ್ಲಿ ಹಾಕ್ಕೊಂಡು ಚಾಮರಾಜನಗರದ ರೈಲು ಹತ್ತಿ ಬಂದಳು. ಆ ಹಿಡಿ ನೋಡ್ಕೊಂಡು ಅವಳ ಕೈಗೆ ಆಗೋ ಥರ ಇನ್ನೊಂದು ಮಾಡಿಕೊಟ್ಟದ್ದು ನಮ್ಮನೆಯವ್ರು. ಉಪ್ಪುಕಾಗ್ದ ಹಾಕಿ ಉಜ್ಜಿ, ಎಣ್ಣೆ ಕುಡಿಸಿದ್ದು ನಾನು. ಇಷ್ಟೇ ಆಗಿದ್ರೆ ಬರೀತಿರ್ಲಿಲ್ಲ. ಆ ಹಿಡಿ ಉಜ್ಜುವಾಗ ನನ್ನ ಮನಸಿಗೆ ಒಂದು ಮಾತು ಚುಚ್ತು. ಅದನ್ನ ನಿಮಗೆಲ್ಲ ಹೇಳಬೇಕು ಅಂತಲೇ ಕೂತಿದ್ದೀನಿ.

ಮೊದಲು ಈ ಆಟದ ಸುದ್ದಿ. ನಮ್ಮ ಕೂಸು ಕಾಲೇಜಲ್ಲಿ ಎನ್‌ಸಿಸಿ ಸೇರಿದ್ಳು. ಅಲ್ಲಿ ರೈಫಲ್ ಹಿಡಿದ ಮೇಲೆ ಅವಳಿಗೆ ಅದರ ಮೇಲೆ ಆಸೆ ಹತ್ತಿಬುಡ್ತು. ಈಗ ಏರ್ ರೈಫಲ್ ಕಲೀತಾಳ. ಅದರಲ್ಲಿ ಮದ್ದು ಗಿದ್ದು ಏನೂ ಇಲ್ಲ, ಗಾಳಿ ಒತ್ತಡಕ್ಕೆ ಒಂದು ಸಣ್ಣ ಸೀಸದ ಗುಂಡು ಹೋಯ್ತದ, ನಾಲ್ಕೂವರೆ ಮಿಲಿಮೀಟರು ದಪ್ಪದ್ದು. ಗುರಿ ಇರೋದು ಹತ್ತು ಮೀಟರು ದೂರದಲ್ಲಿ, ಅಂದ್ರ ನಮ್ಮನೆ ಜಗಲಿಯಿಂದ ಎದುರುಮನೆ ಬಾಗಿಲಷ್ಟು. ಆದರೆ ಹತ್ತು ಅಂಕ ಕೊಡೋ ನಡುಮಧ್ಯದ ಚುಕ್ಕೆ ಅರ್ಧ ಮಿಲಿಮೀಟರು. ರಾಗಿ ಕಾಳಿಗಿಂತ ಸಣ್ಣದು! ಐದೂವರೆ ಕೆಜಿವರೆಗೂ ತೂಗೋ ರೈಫಲನ್ನ ನಿಂತ್ಕೊಂಡೇ ಎತ್ತಿ ಹಿಡಿದು 60 ಸಲ ಹೊಡೀಬೇಕು. ಹೆಣ್ಣುಮಕ್ಕಳಿಗೆ ಮುಂಚೆ 40 ಇತ್ತಂತೆ, 2018ರಿಂದ ಗಂಡಸ್ರಷ್ಟೇ 60 ಮಾಡವ್ರ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಲ್ಲಿ ಚಿನ್ನ ತಂದದ್ದು ಇದೇ ಆಟದಲ್ಲಿ. ನಮ್ಮ ಕರ್ನಾಟಕದ ಹೆಣ್ಣುಮಗಳು ದಿವ್ಯಾ ಟಿ.ಎಸ್. ಪಿಸ್ತೂಲಿನಲ್ಲಿ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸಲ್ಲಿ ಜೋಡಿ ಆಟದ ಬೆಳ್ಳಿ ತಂದವ್ಳ.

ಇಂಥ ಆಟದಲ್ಲಿ ಕೈ ಒಂದು ಕೂದಲೆಳೆಯಷ್ಟು ಬಿಗಿಯಾದ್ರೂ ಗುಂಡು ಎತ್ತಲೋ ಹೋಯ್ತದ. ಅದಕ್ಕೇ ಹಿಡಿ ಕೈಗೆ ಕೂರಬೇಕು. ಬೆರಳಿಗೆ ಬೆರಳಿನ ಜಾಗ, ಹೆಬ್ಬೆಟ್ಟಿಗೆ ಹೆಬ್ಬೆಟ್ಟಿನ ಜಾಗ, ಅಂಗೈ ಗುಳಿಗೆ ಒಂದು ಉಬ್ಬು. ಅದನ್ನ ಹಿಡಿದ್ರೆ ಹಿಡಿದಂಗೇ ಇರಬಾರದು, ಯಾರೋ ಕೈಗೆ ಕೈ ಕೊಟ್ಟಂಗೆ ಇರ್ಬೇಕು ಅಂತ ಅವಳು ಹೇಳ್ತಾಳ.

ನಮ್ಮ ಕೂಸಿನ ಕಷ್ಟ ಏನಂದ್ರ, ಅವಳದು ಎಡಗೈ. ಅಲ್ಲಿ ಇದ್ದ ರೈಫಲಿನ ಹಿಡಿ ಎಲ್ಲಾ ಬಲಗೈಯವು. ಬಲಗೈ ಹಿಡಿಯನ್ನ ಎಡಗೈಲಿ ಹಿಡಿದ್ರೆ ಅಂಗೈಗೆ ಬರಬೇಕಾದ ಉಬ್ಬು ಬೆರಳ ಕಡೆ ಬತ್ತದ, ಹೆಬ್ಬೆಟ್ಟಿನ ಗುಳಿ ಎಲ್ಲೋ ಹೋಯ್ತದ. ಬಲಗಾಲಿನ ಚಪ್ಪಲಿನ ಎಡಗಾಲಿಗೆ ಹಾಕ್ಕೊಂಡಂಗೆ. ಎಡಗೈ ಹಿಡಿ ಹೊರದೇಶದಿಂದ ತರಿಸ್ಬೇಕು. ಅದರ ಬೆಲೆ ಕೇಳಿ ನಮ್ಮ ತಮ್ಮ ಸುಮ್ಮನಾದ. ನಮ್ಮ ಒಂದು ತಿಂಗಳ ಮನೆ ಖರ್ಚಿಗಿಂತ ಜಾಸ್ತಿ.

ಕಲಿಸೋರಲ್ಲಿ ಒಬ್ಬರು, "ಬಲಗೈಗೇ ಬದಲಾಯಿಸ್ಕೋ ಮಗಾ, ಎಲ್ಲಾ ಸಲೀಸಾಯ್ತದ" ಅಂದ್ರಂತೆ. ಅವಳು ಒಂದು ತಿಂಗಳು ಬಲಗೈಲಿ ಹೊಡೆದು ನೋಡಿದಳು. ಆಗ್ಲಿಲ್ಲ. ಆಮೇಲೆ ಇನ್ನೊಬ್ಬರು ಅವಳ ಕಣ್ಣು ಪರೀಕ್ಷೆ ಮಾಡಿದ್ರು. ಕಣ್ಣಲ್ಲೂ ಎಡ ಬಲ ಅಂತ ಇರ್ತದಂತೆ, ನಂಗೂ ಗೊತ್ತಿರ್ಲಿಲ್ಲ. ನೀವೂ ನೋಡ್ಕೊಳ್ಳಿ. ಎರಡು ಅಂಗೈನೂ ಮುಂದಕ್ಕೆ ಚಾಚಿ, ಒಂದರ ಮೇಲೊಂದು ಇಟ್ಟು, ಹೆಬ್ಬೆಟ್ಟಿನ ಸಂದಿಯಲ್ಲಿ ಒಂದು ಸಣ್ಣ ಕಿಂಡಿ ಬುಡಿ. ಆ ಕಿಂಡಿಲಿ ಗೋಡೆ ಗಡಿಯಾರನೋ ದೇವರ ಪಟನೋ ಎರಡೂ ಕಣ್ಣು ಬಿಟ್ಕೊಂಡು ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯೊಳಗೇ ಉಳೀತದೋ ಅದು ನಿಮ್ಮ ಗಟ್ಟಿ ಕಣ್ಣು. ಇನ್ನೊಂದರಲ್ಲಿ ನೋಡಿದ್ರೆ ಗಡಿಯಾರ ಮಾಯ. ನಮ್ಮನೆ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದಾಗ ಐದಾರು ಜನ ಹೆಂಗಸ್ರು ಹಿಂಗೇ ಕೈ ಚಾಚ್ಕೊಂಡು ಕಣ್ಣು ಮುಚ್ಚಿ ಬಿಟ್ಟು ಮಾಡಿದ್ದೇ ಮಾಡಿದ್ದು. ದಾರಿಲಿ ಹೋಗೋರು ನಿಂತು ನೋಡಿದ್ರು. ನಮ್ಮ ಕೂಸಿಗೆ ಕೈನೂ ಎಡ, ಕಣ್ಣೂ ಎಡ. ಅವಳನ್ನ ಬಲಕ್ಕೆ ತಿರುಗಿಸಿದ್ರೆ ಕಾಣೋದೇ ಸೊಟ್ಟಗಾಯ್ತದ. ಅದಕ್ಕೇ ಕೈ ಬದಲಾಯಿಸೋದು ಬುಟ್ಟು ಹಿಡಿ ಬದಲಾಯಿಸೋಣ ಅಂತ ಆಯ್ತು.

ನಮ್ಮನೆಯವ್ರು ಬಾಗಿಲು, ಕಿಟಕಿ, ದೇವರ ಮಣೆ ಮಾಡ್ಕೊಂಡು ಬಂದೋರು. ಬಂದೂಕದ ಹಿಡಿ ಅವರ ಅಜ್ಜನ ಕಾಲದಲ್ಲೂ ಮಾಡಿರ್ಲಿಲ್ಲ. ಬಲಗೈ ಹಿಡಿನ ಇತ್ಲಾಗೆ ಅತ್ಲಾಗೆ ತಿರುಗಿಸಿ ನೋಡಿ, "ಇದನ್ನ ಉಲ್ಟಾ ಮಾಡೋದು ಹೆಂಗೆ?" ಅಂತ ತಲೆ ಕೆರ್ಕೊಂಡು ಕೂತ್ರು. ನಾನು ತಲೆ ಬಾಚೋ ಕನ್ನಡಿ ತಂದು ಅದರ ಮುಂದೆ ಇಟ್ಟೆ. ಕನ್ನಡಿಯೊಳಗೆ ಎಡಗೈ ಹಿಡಿ ನಿಂತಿತ್ತು! ಅವರು ನನ್ನ ಮುಖ ನೋಡಿ, "ಪಿಯುಸಿ ಓದಿದ್ದಕ್ಕೂ ಸಾರ್ಥಕ ಆಯ್ತು ಕನಾ" ಅಂದ್ರು. ಅಷ್ಟು ಸಾಕು ನಂಗೆ.

ಆದರೆ ಕನ್ನಡಿ ತೋರಿಸೋದು ಬರೀ ಎಡಗೈ ಹಿಡಿನ, ಅವಳ ಕೈನಲ್ಲ. ಅವಳ ಕೈ ಸಣ್ಣದು, ಬೆರಳು ಉದ್ದ. ಅದಕ್ಕೆ ನಾನು ಗೋಧಿ ಹಿಟ್ಟಿಗೆ ಕೈತುಂಬ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ ಉಂಡೆ ಮಾಡಿ ಕೊಟ್ಟೆ. ರೈಫಲ್ ಹಿಡಿಯೋ ಥರ ನಿಂತ್ಕೊಂಡು ಅದನ್ನ ಹಿಡಿ ಅಂದೆ. ಹಿಡಿದು ಬುಟ್ಟಾಗ ಐದು ಬೆರಳು, ಅಂಗೈ ಗೆರೆ ಸಮೇತ ಅಚ್ಚು ಬಿತ್ತು. ಅದನ್ನ ನೆರಳಲ್ಲಿ ಮೂರು ದಿನ ಒಣಗಿಸಿದೆ. ಉಪ್ಪು ಹಾಕಿದ್ರಿಂದ ಹುಳ ಬೀಳ್ಲಿಲ್ಲ, ಒಂದು ಕಡೆ ಸಣ್ಣಗೆ ಬಿರಿದದ್ದು ಬುಟ್ರೆ ಆಕಾರ ಹಂಗೇ ಉಳೀತು. ಹೆಬ್ಬೆಟ್ಟು ತೋರುಬೆರಳಿನ ಸಂದಿಯಿಂದ ತೋರುಬೆರಳ ತುದಿ ಗಿಣ್ಣಿನ ತನಕ ನಮ್ಮನೆಯವ್ರು ದಾರ ಹಿಡಿದು ಅಳೆದ್ರು. ಅದೇ ಮುಖ್ಯ ಅಂತ ಕೂಸು ಹೇಳಿದ್ಳು. ಟ್ರಿಗರ್ ಎಳೆಯೋದು ಬೆರಳಿನ ತುದಿ ಮೆತ್ತೆಯಿಂದ, ನೇರ ಹಿಂದಕ್ಕೆ. ಹಿಡಿ ದಪ್ಪ ಆದ್ರೆ ಬೆರಳು ಮುಟ್ಟಲ್ಲ, ಸಣ್ಣ ಆದ್ರೆ ಬೆರಳು ಸುತ್ಕೊಂಡು ಪಕ್ಕಕ್ಕೆ ಎಳೀತದ.

ಮೊದಲನೇದು ಹಲಸಿನ ಮರದ್ದು ಮಾಡಿದ್ರು. ನೋಡೋಕೆ ಚಂದವಾಗೇ ಇತ್ತು. ಬೋಲ್ಟು ಬಿಗಿ ಮಾಡಿ ನೋಡುವಾಗ ಕುತ್ತಿಗೆ ತಾವ ಟಪ್ ಅಂತ ಸೀಳ್ತು. ಎಳೆ ಅಡ್ಡಡ್ಡ ಬಂದಿತ್ತು. ಮರದ ಎಳೆ ಹಿಡಿಯ ಉದ್ದಕ್ಕೇ ಹೋಗಬೇಕು, ಕುಡ್ಲಿನ ಹಿಡಿಗೂ ಅದೇ ಲೆಕ್ಕ ಅಂತ ಗೊತ್ತಿದ್ರೂ ಅವಸರಕ್ಕೆ ಮರೆತಿದ್ರು. ಎರಡನೇದಕ್ಕೆ ನಮ್ಮತ್ತೆ ಕಾಲದ ಮಂಚದ ಮುರಿದ ಕಾಲು ತಗೊಂಡ್ರು. ಬೀಟೆ ಮರ. ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರಾದ ಮರ ಅಲ್ವಾ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿ ಕಲ್ಲಾಗಿತ್ತು. ಅದರ ಪುಡಿ ಮೂಗಿಗೆ ಹೋದ್ರೆ ಸೀನು ನಿಲ್ಲಲ್ಲ, ಮೈಗೆ ಬಿದ್ರೆ ಕಡಿತ. ಮೂಗಿಗೆ ಬಟ್ಟೆ ಕಟ್ಕೊಂಡೇ ಮಾಡಿದ್ರು. ಗರಗಸದಲ್ಲಿ ಕೊಯ್ದು, ಉಳಿಯಲ್ಲಿ ಕೆತ್ತಿ, ಆಮೇಲೆ ಬರೀ ಅರ.

ಎಲ್ಲಿ ಒತ್ತುತದ ಅಂತ ಕಂಡುಹಿಡಿಯೋಕೆ ಇನ್ನೊಂದು ಉಪಾಯ ಮಾಡಿದೆವು. ಕೂಸಿನ ಅಂಗೈಗೆ ಕುಂಕುಮಕ್ಕೆ ಎಣ್ಣೆ ಕಲಸಿ ಬಳಿದು ಹಿಡಿ ಹಿಡಿಸೋದು. ಎಲ್ಲೆಲ್ಲಿ ಕೆಂಪಾಯ್ತದೋ ಅಲ್ಲೆಲ್ಲ ಕೈ ಮುಟ್ಟದ. ಗಾಢ ಕೆಂಪಾದ್ರೆ ಅಲ್ಲಿ ಮರ ಜಾಸ್ತಿ, ಅರ ಹಾಕಬೇಕು. ಕೆಂಪೇ ಆಗದೆ ಇದ್ರೆ ಅಲ್ಲಿ ಗುಳಿ ಜಾಸ್ತಿ. ಒಂದು ಕಡೆ ಜಾಸ್ತಿ ತೆಗೆದುಬುಟ್ಟಿದ್ರು, ಅಲ್ಲಿಗೆ ಅದೇ ಮರದ ಪುಡಿನ ಅಂಟಲ್ಲಿ ಕಲಸಿ ತುಂಬಿದ್ರು. ಹಿಂಗೆ ಎಷ್ಟು ಸಲ ಅಂತೀರಿ, ಹದಿನೈದು ಇಪ್ಪತ್ತು ಸಲ. ಕೊನೆಗೆ ಅಂಗೈ ಪೂರಾ ತೆಳ್ಳಗೆ ಒಂದೇ ಸಮ ಕೆಂಪು ಬಿತ್ತು.

ಆಮೇಲೆ ಉಪ್ಪುಕಾಗ್ದದ ಕೆಲಸ ನಂದು. ಮೊದಲು ದೊರಗು, ಆಮೇಲೆ ನುಣ್ಣಂದು. ನಾನು ಉಜ್ತಾ ಇದ್ದೀನಿ, ಕೂಸು ಪಕ್ಕದಲ್ಲಿ ಕೂತು ಎಡಗೈಲಿ ಕಡ್ಲೇಬೀಜ ತಿಂತಾ ಇದ್ದಾಳ. ಇದ್ದಕ್ಕಿದ್ದಂಗೆ ಅಂದ್ಳು: "ಅತ್ತ, ಇದೇ ಕೈನ ನೀನು ಕಟ್ಟಾಕಿದ್ದೆ, ಗ್ಯಾಪ್ಕ ಅದಾ?"

ಕೋಪದಿಂದ ಹೇಳ್ಲಿಲ್ಲ ಅವಳು. ನಗ್ತಾನೇ ಹೇಳಿದ್ಳು. ಅದಕ್ಕೇ ನಂಗೆ ಜಾಸ್ತಿ ನೋವಾಯ್ತು.

ನಂಗೆ ಚೆನ್ನಾಗಿ ಗ್ಯಾಪ್ಕ ಅದ. ಅವಳಿಗೆ ಆರು ವರ್ಷ. ಬೇಸಿಗೆ ರಜಕ್ಕೆ ನಮ್ಮನೆಗೆ ಬಂದಿದ್ಳು. ಊಟಕ್ಕೆ ಕೂತಾಗೆಲ್ಲ ಎಡಗೈ ತಟ್ಟೆಗೆ ಹೋಗೋದು. ಹೇಳಿ ಸಾಕಾಯ್ತು, ಒಂದೆರಡು ಸಲ ಕೈಮೇಲೆ ಹೊಡೆದೆ. ಕೊನೆಗೆ ಹಳೇ ಸೀರೆ ಅಂಚು ಹರಿದು ಎಡಗೈನ ಬೆನ್ನ ಹಿಂದಕ್ಕೆ ಕಟ್ಟಿ ಕೂರಿಸಿದೆ. ನಾಳೆ ಮದುವೆ ಮನೆಲಿ, ಪಂಕ್ತಿಲಿ, ಅತ್ತೆ ಮನೆಲಿ ಜನ ಏನಂತಾರೆ ಅನ್ನೋ ಯೋಚನೆ ನಂದು. ಅವಳು ಬಲಗೈಲಿ ಹಿಟ್ಟು ಮುರಿಯೋಕೆ ಬರದೆ, ಸಾರು ಮೈಮೇಲೆ ಚೆಲ್ಕೊಂಡು, ಅಳ್ತಾ ಅಳ್ತಾ ಎದ್ದೋದ್ಳು. ಆ ರಜ ಪೂರ್ತಿ ನಾನು ಅಡುಗೆಮನೆಯಿಂದ ಆಚೆ ಹೋದ ಮೇಲೇ ಅವಳು ಉಣ್ತಿದ್ದದ್ದು. ನಾನು ಅದನ್ನ "ಬುದ್ಧಿ ಬಂತು" ಅಂದ್ಕೊಂಡಿದ್ದೆ.

ಇನ್ನೂ ನಾಚಿಕೆ ಸಂಗತಿ ಅಂದ್ರ, ನಾನೂ ಎಡಗೈಯವಳೇ. ನನ್ನ ಅವ್ವ ನನ್ನ ಕೈಗೂ ಹೊಡೆದಿದ್ಳು. ಇಸ್ಕೂಲಲ್ಲಿ ಮೇಷ್ಟ್ರು ಅಡಿಪಟ್ಟಿ ಅಂಚಲ್ಲಿ ಗಿಣ್ಣಿಗೆ ಹೊಡೆದು ಬಲಗೈಗೆ ಬಳಪ ಕೊಟ್ಟಿದ್ರು. ನಾನು ಬಲಗೈಲಿ ಬರೆಯೋದು ಕಲಿತೆ, ಉಣ್ಣೋದು ಕಲಿತೆ. ಆದರೆ ಇವತ್ತಿಗೂ ಹಿಟ್ಟು ಕೂಡುವಾಗ ದೊಣ್ಣೆ ಎಡಗೈಗೇ ಹೋಯ್ತದ. ಗುದ್ದಲಿ ಹಿಡಿದ್ರೆ ಎಡಗೈ ಮುಂದೆ ಬತ್ತದ. ಯಾರೂ ಇಲ್ಲದಾಗ ರಂಗೋಲಿ ಎಡಗೈಲೇ ಎಳೀತೀನಿ, ಗೆರೆ ಆಗಲೇ ನೆಟ್ಟಗೆ ಬರೋದು. ನನ್ನ ಅಕ್ಷರ ಇವತ್ತಿಗೂ ಸೊಟ್ಟಗೆ. ನಾನು ದಡ್ಡಿ, ಕೈ ಕೆಲಸದಲ್ಲಿ ಒರಟು ಅಂತ ನಮ್ಮವ್ವ ಹೇಳ್ತಿದ್ದದ್ದನ್ನ ನಾನೂ ನಂಬ್ಕೊಂಡು ಐವತ್ತು ದಾಟಿದೆ. ನಂಗೆ ಆದದ್ದನ್ನ ಮರೆತು ಅದನ್ನೇ ತಂದು ಆ ಕೂಸಿಗೆ ಮಾಡಿದ್ದೆ. ಅವತ್ತು ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ. "ಅದ ಕನವ್ವ, ತಪ್ಪಾಯ್ತು" ಅಂದೆ. "ಬುಡು ಅತ್ತ, ಇಲ್ಲಿ ಇನ್ನೂ ವಸಿ ಒತ್ತುತದ, ಉಜ್ಜು" ಅಂತ ಹಿಡಿ ತೋರಿಸಿದ್ಳು.

ಈಗ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪಿದ್ರೆ ಒಪ್ಪಿ, ಬುಟ್ರೆ ಬುಡಿ. ಎಡಗೈ ಮಕ್ಕಳ ಕೈನ ಹೊಡೆಯೋದು, ಕಟ್ಟೋದು, ಬರೆ ಹಾಕ್ತೀನಿ ಅಂತ ಹೆದರಿಸೋದು ನಮ್ಮ ಕಾಲಕ್ಕೇ ನಿಲ್ಲಬೇಕು. ನೂರು ಜನಕ್ಕೆ ಹತ್ತು ಜನ ಹುಟ್ಟುತ್ತಲೇ ಎಡಗೈಯವರು ಇರ್ತಾರಂತೆ. ಅದು ರೋಗ ಅಲ್ಲ, ಹಟ ಅಲ್ಲ, ಕೆಟ್ಟ ಅಭ್ಯಾಸನೂ ಅಲ್ಲ.

ನಮ್ಮ ಭಾಷೆಲೇ ಎಡಕ್ಕೆ ಅನ್ಯಾಯ ಆಗ್ಯದ. ಕೆಲಸ ಕೆಟ್ರೆ ಎಡವಟ್ಟು, ಕಾಲು ತಾಕಿದ್ರೆ ಎಡವಿದ, ಯಾವ ಕಡೆಗೂ ಸೇರದೋನು ಎಡಬಿಡಂಗಿ. ಆದರೆ ನಂಜುಂಡೇಶ್ವರನ ಸನ್ನಿಧಿಗೆ ಹೋಗಿ ಕೈ ಮುಗಿಯೋ ನಾವೇ ಯೋಚನೆ ಮಾಡ್ಬೇಕು. ಶಿವ ಅರ್ಧನಾರೀಶ್ವರ ಆದಾಗ ಪಾರ್ವತಿಗೆ ಕೊಟ್ಟದ್ದು ಯಾವ ಭಾಗ? ಎಡಭಾಗ. ಮದುವೇಲಿ ತಾಳಿ ಕಟ್ಟಿದ ಮೇಲೆ ಹೆಣ್ಣು ಕೂರೋದು ಗಂಡನ ಎಡಕ್ಕೆ. ಎಡ ಅಷ್ಟು ಕೀಳಾಗಿದ್ರೆ ನಮ್ಮನ್ನ ಯಾಕೆ ಅಲ್ಲಿ ಕೂರಿಸ್ತಿದ್ರು?

ಗಾಂಧೀಜಿ ನಮ್ಮ ತಾಲ್ಲೂಕಿನ ಬದನವಾಳಿಗೆ ಬಂದು ಹೋದೋರು, ನಮ್ಮೋರಿಗೆ ಅವರ ಹೆಸರು ಹೇಳಿದ್ರೆ ಹಿತ. ಅವರು 1909ರಲ್ಲಿ ಇಂಗ್ಲೆಂಡಿಂದ ದಕ್ಷಿಣ ಆಫ್ರಿಕಕ್ಕೆ ಹಡಗಲ್ಲಿ ಹೋಗ್ತಾ 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತಾಗ ಎಡಗೈಗೆ ಪೆನ್ನು ತಗೊಂಡು ಬರೆದ್ರು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಐದು ಜನರನ್ನ 15 ರನ್ನಿಗೆ ಉರುಳಿಸಿದ್ದು ಎಡಗೈ ಬೌಲಿಂಗಲ್ಲಿ. ಶೂಟಿಂಗಲ್ಲೇ ಇನ್ನೊಂದು ಕತೆ ಅದ. ಹಂಗೇರಿ ದೇಶದ ಕಾರೋಯ್ ಟಕಾಚ್ ಅನ್ನೋ ಸೈನಿಕನ ಬಲಗೈ 1938ರಲ್ಲಿ ಬಾಂಬು ಸಿಡಿದು ಹಾಳಾಯ್ತು. ಅವನು ಎಡಗೈಲಿ ಕಲಿತು 1948ರಲ್ಲೂ 1952ರಲ್ಲೂ ಒಲಿಂಪಿಕ್ಸಲ್ಲಿ ಪಿಸ್ತೂಲಿನ ಚಿನ್ನ ಗೆದ್ದ. ಅವನು ಬೇರೆ ದಾರಿ ಇಲ್ಲದೆ ಕೈ ಬದಲಾಯಿಸಿದ. ನಾವು ಚೆನ್ನಾಗಿರೋ ಕೈನ ಯಾಕೆ ಬದಲಾಯಿಸ್ಬೇಕು?

"ಹಂಗಾರೆ ಎಡಗೈಲಿ ಉಣ್ಣು ಅಂತ ಬುಟ್ಟುಬುಡೋದಾ? ಎಡಗೈಲಿ ತೀರ್ಥ ತಗೊಳ್ಳಲಾ?" ಅಂತ ಪಕ್ಕದ ಮನೆ ಅಕ್ಕಯ್ಯ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಎಡಗೈಗೆ ಬೇರೆ ಕೆಲಸ ಅದ, ಸರಿ. ಆದರೆ ಈಗ ಎಲ್ಲರ ಮನಲೂ ನಲ್ಲಿ ಅದ, ಸೋಪು ಅದ. ತೊಳೆದ ಕೈ ಎರಡೂ ಒಂದೇ. ತೀರ್ಥಕ್ಕೆ ಬಲಗೈ ಕೆಳಗೆ ಎಡಗೈ ಸೇರಿಸಿ ಎರಡೂ ಕೈಲಿ ತಗೊಳ್ಳಿ ಅಂತ ಪ್ರೀತಿಯಿಂದ ಹೇಳಿಕೊಟ್ರೆ ಯಾವ ಮಗುನೂ ಕಲೀತದ. ಉಣ್ಣೋದಕ್ಕೂ ಬಲಗೈ ಅಭ್ಯಾಸ ಮಾಡ್ಸಬೇಕು ಅನ್ನೋರು ಹೇಳಿ ಕಲಿಸಿ, ಆಗದೆ ಇದ್ರೆ ಬುಡಿ. ನಂಗೂ ಪಂಕ್ತಿಲಿ ಯಾರಾದ್ರೂ ಎಡಗೈಲಿ ಉಣ್ತಿದ್ರೆ ಕಣ್ಣು ಇವತ್ತಿಗೂ ಅಲ್ಲಿಗೇ ಹೋಯ್ತದ, ಸುಳ್ಳು ಯಾಕೆ ಹೇಳ್ಲಿ. ಕಣ್ಣು ಹೋದ್ರೆ ಹೋಗ್ಲಿ. ಕೈ ಹೋಗಬಾರದು, ಬಾಯಿ ಹೋಗಬಾರದು.

ಇಸ್ಕೂಲಿಗೆ ಹೋಗೋ ಎಡಗೈ ಮಕ್ಕಳಿಗೆ ಸಣ್ಣ ಸಣ್ಣ ಅನುಕೂಲ ಮಾಡಿಕೊಡಬಹುದು, ದುಡ್ಡೇನೂ ಬೇಡ. ಬೆಂಚಿನ ಎಡತುದಿಲಿ ಕೂರಿಸಿ ಅಂತ ಮೇಷ್ಟ್ರಿಗೆ ಹೇಳಿ. ಇಲ್ಲದಿದ್ರೆ ಪಕ್ಕದ ಮಗುವಿನ ಬಲ ಮೊಣಕೈಗೂ ಇದರ ಎಡ ಮೊಣಕೈಗೂ ದಿನಾ ಜಗಳ. ಬರೆಯುವಾಗ ಪುಸ್ತಕದ ಮೇಲ್ತುದಿ ವಸಿ ಬಲಕ್ಕೆ ವಾಲಿಸಿ ಕೊಡಿ, ಕೈ ಕೊಕ್ಕೆಯಂಗೆ ಮಡಿಸೋದು ತಪ್ತದ. ಕತ್ತರಿಲಿ ಕತ್ತರಿಸೋಕೆ ಬರಲ್ಲ ಅಂದ್ರೆ ಬೈಬ್ಯಾಡಿ. ನಮ್ಮ ಕತ್ತರಿ ಬಲಗೈಗೆ ಮಾಡಿರೋದು, ಎಡಗೈಲಿ ಹಿಡಿದ್ರೆ ಗೆರೆ ಕಾಣಲ್ಲ, ಬಟ್ಟೆ ಅಲಗಿನ ಸಂದಿಗೆ ಮಡಚ್ಕೊಂಡು ಹೋಯ್ತದ. ಎಡಗೈ ಕತ್ತರಿನೇ ಬೇರೆ ಸಿಕ್ತದ. ಎಷ್ಟೋ ಕುಡ್ಲಿನ ಹಲ್ಲು ಒಂದೇ ಮಗ್ಗುಲಿಗೆ ಮಸೆದಿರ್ತದ, ಎಡಗೈಲಿ ಕೊಯ್ದರೆ ಜಾರ್ತದ. ನಾನು ಹುಡುಗಿಯಾಗಿದ್ದಾಗ ಗದ್ದೆ ಕೊಯ್ಲಲ್ಲಿ ಹಿಂದೆ ಬಿದ್ದು ಬೈಸ್ಕೊಂಡದ್ದು ಯಾಕೆ ಅಂತ ಈಗ ಗೊತ್ತಾಗ್ತಾ ಅದ.

ಇದು ಎಡಗೈ ಒಂದರ ಮಾತೂ ಅಲ್ಲ. ಮುಂಚೆ ಊರ ಆಚಾರ್ರು ಕುಡ್ಲಿಗೆ ಹಿಡಿ ಹಾಕುವಾಗ "ಯಾರ ಕೈಗವ್ವ?" ಅಂತ ಕೇಳ್ತಿದ್ರು. ಗಂಡಸಿಗೆ ದಪ್ಪ, ಹೆಂಗಸಿಗೆ ಸಣ್ಣ. ಸುಗ್ಗಿಲಿ ರಾಗಿನೋ ಭತ್ತನೋ ತಗೊಂಡು ವರ್ಷಪೂರ್ತಿ ರಿಪೇರಿ ಮಾಡಿಕೊಡ್ತಿದ್ರು. ನಮ್ಮತ್ತೆಯ ರಾಗಿಕಲ್ಲಿನ ಗೂಟ ಅವರ ಕೈಗೇ ಸವೆದು, ನಾನು ಹಿಡಿದ್ರೆ ಅವರ ಕೈನೇ ಹಿಡಿದಂಗೆ ಆಗ್ತಿತ್ತು. ಈಗ ಅಂಗಡಿಲಿ ತಂದ ಚಾಕು, ಮಚ್ಚು, ಗುದ್ದಲಿ ಎಲ್ಲದಕ್ಕೂ ಒಂದೇ ಅಳತೆ ಹಿಡಿ, ಅದು ಗಂಡಸಿನ ಕೈ ಅಳತೆ. ದಪ್ಪ ಹಿಡಿನ ಸಣ್ಣ ಕೈಲಿ ಬಿಗಿಯಾಗಿ ಹಿಡಿದೂ ಹಿಡಿದೂ ಸಂಜೆಗೆ ಮಣಿಕಟ್ಟು ನೋವು ಅಂತ ನಾವು ಎಣ್ಣೆ ತಿಕ್ತೀವಿ. ಕೈ ನಮ್ಮದು ಸರಿಯಿಲ್ಲ ಅಂದ್ಕೋತೀವೇ ಹೊರತು ಹಿಡಿ ಸರಿಯಿಲ್ಲ ಅಂತ ಒಂದು ದಿನ ಹೇಳಿದ್ದೀವಾ? ಈ ಕೆಲಸ ಮುಗಿದ ಮೇಲೆ ನಮ್ಮನೆಯವ್ರು ನನ್ನ ಮಚ್ಚಿನ ಹಿಡಿನೂ ಕುಂಕುಮ ಹಚ್ಚಿಸಿ ಅರ ಹಾಕಿ ಸಣ್ಣ ಮಾಡಿಕೊಟ್ರು. ಈಗ ತೆಂಗಿನಕಾಯಿ ಸುಲಿದ್ರೆ ಕೈ ಜಾರಲ್ಲ. ಮೂವತ್ತು ವರ್ಷ ಆ ಮಚ್ಚಿಗೆ ನಾನು ಹೊಂದ್ಕೊಂಡಿದ್ದೆ. ಅದನ್ನ ನನಗೆ ಹೊಂದಿಸೋಕೆ ಅರ್ಧ ಗಂಟೆ ಹಿಡೀತು.

"ಅದೆಲ್ಲ ಇರ್ಲಿ, ಹೆಣ್ಣು ಕೂಸು ಬಂದೂಕ ಹಿಡೀಬೌದಾ?" ಅಂತಲೂ ಕೇಳಿದೋರು ಅವ್ರೆ. ನಮ್ಮ ಪಕ್ಕದ ಜಿಲ್ಲೆ ಕೊಡಗಿಗೆ ಹೋಗಿ ನೋಡಿ. ಅಲ್ಲಿ ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ಹೂ ಇಟ್ಟು ಪೂಜೆ ಮಾಡ್ತಾರ. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪಂದ್ಯದಲ್ಲಿ ಹೆಂಗಸ್ರೂ ನಿಲ್ತಾರ. ನಮ್ಮ ಕೂಸಿನದು ಅದಕ್ಕಿಂತ ಸಾಧು ಆಟ, ಕಾಗದದ ಚುಕ್ಕೆಗೆ ಹೊಡೆಯೋದು. ಒಂದು ಗಂಟೆಗೂ ಮೇಲೆ ಉಸಿರು ಹಿಡಿದು, ಮನಸು ಕದಲದಂಗೆ ನಿಲ್ಲೋದು ಕಲಿತ ಹೆಣ್ಣುಮಗಳು ಬದುಕಲ್ಲೂ ಅಷ್ಟು ಸುಲಭಕ್ಕೆ ಕದಲಲ್ಲ ಅಂತ ನನ್ನ ನಂಬಿಕೆ.

ಹಿಡಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ, ಒಣಗಿಸಿ, ಮತ್ತೆ ಹಚ್ಚಿ ನಾಲ್ಕು ದಿನ ಮಾಡಿದೆ. ವಾರ್ನಿಷ್ ಹೊಡೀಲಿಲ್ಲ, ಬೆವರಿಗೆ ಜಾರ್ತದ ಅಂತ. ಆಯುಧ ಪೂಜೆ ದಿನ ಉಳಿ, ಗರಗಸ, ಈಳಿಗೆಮಣೆ, ನನ್ನ ಹೊಲಿಗೆ ಮಿಷಿನ್ನು ಜೊತೆಗೆ ಅದನ್ನೂ ಇಟ್ಟು ಪೂಜೆ ಮಾಡಿದೆವು. ಮೈಸೂರಿಗೆ ತಗೊಂಡು ಹೋಗಿ ಕೂರಿಸಿದ ಮೇಲೆ ಕಲಿಸೋರು ನೋಡಿ, ನಿಯಮಕ್ಕೆ ಸರಿಯಾಗದ, ಯಾರು ಮಾಡಿದ್ದು ಅಂತ ಕೇಳಿದ್ರಂತೆ. ಪದಕ ಬಂತಾ ಅಂತ ಕೇಳ್ಬ್ಯಾಡಿ, ಬಂದಿಲ್ಲ. ಆದರೆ ಮೊದಲು ಅರ್ಧಕ್ಕೇ ಮಣಿಕಟ್ಟು ಹಿಡ್ಕೋತಿತ್ತು, ಈಗ ಅರವತ್ತೂ ಹೊಡೆದು ಬತ್ತಾಳ.

ನಿಮ್ಮ ನಿಮ್ಮ ಮನಲಿ ಎಡಗೈ ಕೂಸಿದ್ರೆ ಒಂದು ಸಲ ನೋಡಿ. ಪೆನ್ಸಿಲ್ ಯಾವ ಕೈಗೆ ತಗೋತದ, ಚೆಂಡು ಯಾವ ಕೈಲಿ ಎಸೀತದ, ನಿಮ್ಮನ್ನ ಕಂಡ ತಕ್ಷಣ ಆ ಕೈನ ಬೆನ್ನ ಹಿಂದೆ ಬಚ್ಚಿಟ್ಕೋತದಾ. ಬಚ್ಚಿಟ್ಕೋತದ ಅಂದ್ರ ನಮ್ಮಿಂದ ತಪ್ಪಾಗ್ಯದ ಅಂತ ತಿಳ್ಕೊಳ್ಳಿ. ಹಿಡಿ ಗಿಡಿ ಮಾಡಿಸ್ಬೇಕು ಅಂದ್ರೆ ನಮ್ಮನೆಗೆ ಬನ್ನಿ. ಕುಡ್ಲೋ ಮಚ್ಚೋ ಏನಿದ್ರೂ ಸೈ, ನಮ್ಮನೆಯವ್ರು ಮಾಡಿಕೊಡ್ತಾರ. ಬರುವಾಗ ಯಾರ ಕೈಗೋ ಅವರನ್ನೇ ಕರ್ಕೊಂಡು ಬನ್ನಿ.